ನಿಶ್ಚಯದ ದಿನದ ಬಿಕ್ಕಳಿಕೆ

ನನ್ನ ಬೆರಳಿಗೆ ಉಂಗುರ ತೊಡಿಸುವ ಹೊತ್ತಿಗೆ ಸರಿಯಾಗಿ ವರನಿಗೆ ಬಿಕ್ಕಳಿಕೆ ಹತ್ತಿತು. ಅದೂ ಸಣ್ಣದಲ್ಲ, ಕಮಲಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತವರೆಲ್ಲ ತಿರುಗಿ ನೋಡುವಂಥದ್ದು. ನೀರು ಕುಡಿಸಿದೆವು, ಬಾಯಿಗೆ ಸಕ್ಕರೆ ಹಾಕಿದೆವು. ಊಹೂಂ, ನಿಲ್ಲಲಿಲ್ಲ.

"ಯಾರೋ ಭಾಳ ನೆನಸಾಕತ್ತಾರ" ಎಂದು ಹಿಂದಿನಿಂದ ಒಬ್ಬರು ನಕ್ಕರು. ಅಪ್ಪನ ಅಕ್ಕ, ನನ್ನ ಸೋದರತ್ತೆ, ನಗಲಿಲ್ಲ.

"ನಮ್ಮ ಹುಡುಗಿ ಇಲ್ಲೇ ಎದುರಿಗೆ ಕುಂತಾಳ. ಹಂಗಾದ್ರ ನೆನಸಾಕತ್ತಾಕಿ ಯಾರು?"

ಅಕ್ಕನ ಮಾತು ಮೀರುವ ಧೈರ್ಯ ಅಪ್ಪನಿಗೆ ಎಂದೂ ಇರಲಿಲ್ಲ. ಉಂಗುರಗಳು ಡಬ್ಬಿಗೆ ಮರಳಿದವು, ತಟ್ಟೆಯಲ್ಲಿದ್ದ ಕೆಂಪು ಬಾಳೆಹಣ್ಣನ್ನು ಯಾರೂ ಮುಟ್ಟಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹುಡುಗ ನನಗೆ ಮನಸ್ಸಿಗೆ ಬಂದಿದ್ದ. ಒಂದು ಬಿಕ್ಕಳಿಕೆಗೆ ಅವನನ್ನು ಬಿಟ್ಟುಕೊಡುವುದೇ?

ಮೂರನೆಯ ದಿನವೂ ನಿಂತಿಲ್ಲವೆಂದು ತಿಳಿದಾಗ ಅತ್ತೆಯನ್ನೇ ಎಳೆದುಕೊಂಡು ಕಲಬುರಗಿಯ ಬಸ್ಸು ಹತ್ತಿದೆ. ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಅವನು ನಿದ್ದೆಗೆಟ್ಟು ಕೂತಿದ್ದ. ಅವನ ಹಿಂದೆ ನಾವೂ ಒಳಗೆ ನುಗ್ಗಿದೆವು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಎದೆ ಪರೀಕ್ಷಿಸಿದರು, ಇಸಿಜಿ ಮಾಡಿಸಿದರು, ಅಸಿಡಿಟಿ ಇದೆಯೇ, ಯಾವ ಗುಳಿಗೆ ನುಂಗುತ್ತೀರಿ ಎಂದೆಲ್ಲ ಕೇಳಿದರು. ಎಲ್ಲವೂ ಸರಿಯಿತ್ತು. ಕಡೆಗೆ ಕಿವಿಯೊಳಗೆ ಬೆಳಕು ಬಿಟ್ಟು ಇಣುಕಿದರು.

"ಕಟಿಂಗ್ ಯಾವಾಗ ಮಾಡಿಸೀರಿ?"

"ನಿಶ್ಚಯದ ದಿನ ಮುಂಜಾನೀರಿ."

"ಒಂದು ಕೂದಲ ಒಳಗ ಬಿದ್ದು ಕಿವಿ ಪರದಿಗೆ ತಾಗ್ಯದ. ಅಪರೂಪಕ್ಕ ಹಿಂಗೂ ಬಿಕ್ಕಳಿಕಿ ಬರ್ತದ. ಅಲುಗಾಡಬ್ಯಾಡ್ರಿ."

ಚಿಮಟದ ತುದಿಯಲ್ಲಿ ಬಂದದ್ದು ರೆಪ್ಪೆಗೂದಲಿನಷ್ಟು ಚೂರು. ನಾವೆಲ್ಲ ಉಸಿರು ಬಿಗಿಹಿಡಿದೆವು. ಒಂದು ಬಿಕ್ಕಳಿಕೆ ಬಂತು. ಇನ್ನೊಂದು, ಸಣ್ಣದು. ಆಮೇಲೆ ಇಲ್ಲ! ಆಸ್ಪತ್ರೆಯೆನ್ನುವುದನ್ನೂ ಮರೆತು ನಾನು ಚಪ್ಪಾಳೆ ಹೊಡೆದೆ.

ಅತ್ತೆ ಅಷ್ಟಕ್ಕೇ ಸೋಲುವವಳಲ್ಲ. "ಅಷ್ಟು ಸಣ್ಣ ಯಾಕ ಕತ್ತರಿಸ್ಕೋಬೇಕಿತ್ತು?" ಎಂದು ಅವನನ್ನು ತರಾಟೆಗೆ ತೆಗೆದುಕೊಂಡಳು.

ಅವನು ನೆಲ ನೋಡುತ್ತ ಹೇಳಿದ: "ಒಮ್ಮೆ ಮಾಡಿಸಿದ್ದು ಚಂದ ಕಾಣಲಿಲ್ರಿ. ಮತ್ತ ಹೋಗಿ ಸರಿ ಮಾಡಿಸ್ಕೊಂಡೆ. ನಿಮ್ಮ ಹುಡುಗಿ ಒಲ್ಲೆ ಅಂದ್ರ ಹ್ಯಾಂಗ ಅಂತ ಅಂಜಿಕಿ ಇತ್ತು."

ನನಗೆ ಅಲ್ಲೇ ಕುಣಿಯಬೇಕೆನಿಸಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಪ್ಪನಿಗೆ ಫೋನ್ ಹಚ್ಚಿದಳು.

"ಉಂಗುರ ಹೊರಗ ತಗಿ. ಹುಡುಗನ್ನ ಕರ್ಕೊಂಡೇ ಬರಾಕತ್ತೀವಿ."

ಆಮೇಲೆ ಅವನ ಕಡೆ ತಿರುಗಿದಳು. "ಮದಿವಿಗೆ ಕಟಿಂಗ್ ಮಾಡಿಸೋಮುಂದ ಕಿವ್ಯಾಗ ಹತ್ತಿ ಇಟ್ಕೊಳಪ್ಪ."