ಪೆಟ್ಟಿಗೆಜ್ಜನ ಕಪ್ಪು

ಸಿದ್ದಾಪುರದ ರಸ್ತೆಗೆ ಡಾಂಬರು ಹಾಕುವಾಗ ಬಸ್ಸಿಗೆ ಕಾಯುವವರೆಲ್ಲ ಮೂಗು ಮುಚ್ಚಿಕೊಂಡರೆ, ನಾನೊಬ್ಬ ಮಾತ್ರ ಹೂವಿನಂಗಡಿಯ ಮುಂದೆ ನಿಂತವನ ಹಾಗೆ ಉಸಿರೆಳೆದುಕೊಳ್ಳುತ್ತೇನೆ. ಬಿಸಿ ಡಾಂಬರಿನ ಆ ಕಹಿ ವಾಸನೆಯೊಳಗೆ ನಮ್ಮ ಹಳೆಯ ಮನೆಯ ಹಿತ್ತಲಿದೆ. ಹಿತ್ತಲಿನಲ್ಲಿ ಆಳೆತ್ತರದ ಇಟ್ಟಿಗೆ ಗೂಡೊಂದಿತ್ತು. ನನ್ನ ಕಾಲಕ್ಕೆ ಅದರಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಆದರೂ ಬಿಸಿಲೇರಿದಾಗ ಅದರ ಗೋಡೆಗಳು ಹಳೆಯ ಎಣ್ಣೆ, ರಾಳಗಳ ವಾಸನೆಯನ್ನು ಬೆವರಿನಂತೆ ಬಿಡುತ್ತಿದ್ದವು. ಅಜ್ಜನ ಅಜ್ಜ ಬ್ರಿಟಿಷ್ ರಾಣಿಯ ಕಾಲದಲ್ಲಿ ಎಸ್ಟೇಟಿನ ದೊರೆಗಳ ಬಂಗಲೆಗಳಿಗೆ ತಗಡಿನ ಟ್ರಂಕು, ಟ್ರೇ, ಟೋಪಿಯ ಡಬ್ಬಿ ಮಾಡಿ, ಡಾಂಬರು ಬೆರೆಸಿದ ಜಪಾನ್ ಕಪ್ಪು ಎಂಬ ಮೆರುಗು ಬಳಿದು ಬೇಯಿಸಿದ್ದು ಆ ಗೂಡಿನಲ್ಲೇ. ಮನೆಯವರ ಬಾಯಲ್ಲಿ ಅವನು ಬರೀ ಪೆಟ್ಟಿಗೆಜ್ಜ. ಜಪಾನ್ ಎಂದರೆ ಆ ಬಣ್ಣದ ಹೆಸರೆಂದು ತಿಳಿಯದ ನಾನು, ನಮ್ಮದು ಜಪಾನಿನಿಂದ ಬಂದ ವಂಶವೆಂದು ಶಾಲೆಯಲ್ಲಿ ಸಾರಿ, ಒಂದಿಡೀ ವರ್ಷ ಮೇಷ್ಟ್ರಿಗೆ ಜಪಾನಿಯರ ಹಾಗೆ ನಡು ಬಗ್ಗಿಸಿಯೇ ಹಾಜರಿ ಹೇಳಿದ್ದೆ.

ಆ ಕೆಲಸದಿಂದ ನಮ್ಮಲ್ಲಿ ಉಳಿದದ್ದು ಒಂದೇ ಒಂದು ಕರಿ ಪೆಟ್ಟಿಗೆ. ಅಪ್ಪನ ಅಕ್ಕ ಸೀತತ್ತೆ ಅದರಲ್ಲಿ ಸೂಜಿ, ಗುಂಡಿ ಇಡುತ್ತಿದ್ದಳು. ಭಾನುವಾರದ ಊಟವಾದ ಮೇಲೆ ಅಜ್ಜ ಅದನ್ನು ಮಡಿಲಿಗೆ ತೆಗೆದುಕೊಂಡು ಹೇಳಲು ಕೂರುತ್ತಿದ್ದ: ಏಳು ಲೇಪ, ಒಂದೊಂದು ಲೇಪಕ್ಕೂ ಒಂದು ಹಗಲಿನ ಸಣ್ಣ ಕಾವು, ಉರಿ ಜೋರಾದರೆ ಕಪ್ಪು ಗುಳ್ಳೆಯೇಳುತ್ತದೆ. ನಾನೋ ಮನೆಯ ಮಂಗ. ಹಾಲಿನವನನ್ನು, ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು, ನೆಗಡಿಯಾದರೆ ನನ್ನನ್ನೇ ಅಣಕಿಸುತ್ತಿದ್ದವನಿಗೆ, ಮಾತುಮಾತಿನ ನಡುವೆ ಬರುವ ಅಜ್ಜನ ಕೆಮ್ಮು ಹಬ್ಬದೂಟ. ಅವನು ಕೆಮ್ಮುವ ಮೊದಲೇ ನಾನು ಕೆಮ್ಮುತ್ತಿದ್ದೆ. ಮನೆಯೆಲ್ಲ ನಗುತ್ತಿತ್ತು, ಅಜ್ಜನೂ ನಗುತ್ತಿದ್ದ. ಒಂದು ಭಾನುವಾರ, ತನ್ನ ಮಾತಿನ ಜೊತೆಜೊತೆಗೇ ನನ್ನ ತುಟಿಯೂ ಆಡುವುದನ್ನು ಕಂಡು ತಟ್ಟನೆ ನಿಲ್ಲಿಸಿದ. “ನಿಂಗೆ ನನ್ಗಿಂತ ಚೆಂದ ಬರ್ತದೆ ಮಗಾ, ನೀನೇ ಹೇಳು,” ಎಂದು ಪೆಟ್ಟಿಗೆಯನ್ನು ನನ್ನ ಕೈಗಿತ್ತ. ನಾನು ಹೇಳಿದೆ, ಚಪ್ಪಾಳೆ ಬಿತ್ತು. ಆಮೇಲಿನ ಭಾನುವಾರಗಳಲ್ಲಿ ಹೇಳುವವನು ನಾನೇ, ಅಜ್ಜ ಪೆಟ್ಟಿಗೆಯ ಮಾತು ಎತ್ತಲೇ ಇಲ್ಲ. ಎರಡು ವರ್ಷಕ್ಕೆ ಹೋಗಿಯೂಬಿಟ್ಟ.

ಮನೆ ಪಾಲಾಯಿತು, ಗೂಡು ಕೆಡವಿದರು. ಈಗ ಅಲ್ಲಿ ದುಬಾರೆಯ ಆನೆ ನೋಡಲು ಬಂದವರ ಕಾರುಗಳು ನಿಲ್ಲುತ್ತವೆ. ಕಳೆದ ಬೇಸಿಗೆಯಲ್ಲಿ ತಂಗಿ ತನ್ನ ಮಗುವಿಗೆ ಹೆಸರಿಡಲು ಹಿರಿಯರ ಹೆಸರುಗಳನ್ನು ಕೇಳಿದಾಗ, ಪೆಟ್ಟಿಗೆಜ್ಜನ ನಿಜವಾದ ಹೆಸರು ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಸೀತತ್ತೆಯನ್ನು ಕೇಳಬೇಕಿತ್ತು. ಆದರೆ ನಾನೇ ಹುಡುಕಿ ಅತ್ತೆಯ ಮುಂದಿಟ್ಟು ಬೀಗೋಣವೆಂದುಕೊಂಡೆ. ಹಳೆಯ ಬಂಗಲೆಯೊಂದರಲ್ಲಿ ಅಂಥದೇ ಕರಿ ಟ್ರಂಕು ಇದೆಯೆಂದು ಕೇಳಿ ಹೋದರೆ, ಅಲ್ಲಿನ ರೈಟರು, “ಹಿಂದಿನವ್ರು ತಗಡಿಗೇ ಹೆಸರು ಕುಟ್ತಿದ್ರು ಸಾರ್, ಬಣ್ಣದ ಅಡೀಲಿ ಇರ್ತದೆ,” ಎಂದರು. ಮರುದಿನ ಸೀತತ್ತೆ ಸಂತೆಗೆ ಹೋದ ಹೊತ್ತು ನೋಡಿ, ಅವಳ ಜಗಲಿಯಲ್ಲಿ ಪೇಪರು ಹಾಸಿ, ಮರಳುಕಾಗದ ಹಿಡಿದು ಪೆಟ್ಟಿಗೆಯನ್ನು ಉಜ್ಜುತ್ತಾ ಕೂತೆ. ಮೂರು ಗಂಟೆಯ ಕೊನೆಗೆ ತಗಡು ಬೋಳಾಗಿ ಹೊಳೆಯಿತು. ಹೆಸರಿರಲಿಲ್ಲ.

“ಅಯ್ಯೋ, ಎಂತ ಮಾಡ್ದೆ ಮಾರಾಯ!” ಅತ್ತೆ ಚೀಲವನ್ನು ಅಲ್ಲೇ ಇಳಿಸಿದಳು.

“ಪೆಟ್ಟಿಗೆಜ್ಜನ ಹೆಸರು ಹುಡುಕ್ತಿದ್ದೆ ಅತ್ತೆ.”

“ಹೆಸರು ಆ ಕಪ್ಪಲ್ಲೇ ಇತ್ತಲ್ಲ! ಆರನೇ ಲೇಪದ ಮೇಲೆ ಚಿನ್ನದ ನೀರಲ್ಲಿ ಬರ್ದು, ಏಳನೇದು ಜೇನಿನ ಬಣ್ಣ ಬರೋವಷ್ಟು ತೆಳುವಾಗಿ ಬಳೀತಿದ್ರಂತೆ. ಬಿಸಿಲಿಗೆ ಓರೆ ಹಿಡಿದ್ರೆ ಕಾಣ್ತಿತ್ತು. ಅಪ್ಪಯ್ಯ ಪ್ರತಿ ಸಲ ಹಿಡಿದು ತೋರಿಸ್ತಿದ್ರು. ನಾವೆಲ್ಲ ನಿನ್ನ ಮುಖ ನೋಡ್ತಿದ್ವಿ.”

“ನಿಂಗೆ ನೆನಪುಂಟಾ?”

“ಪೆಟ್ಟಿಗೆ ಮನೇಲೇ ಉಂಟಲ್ಲ ಅಂತ ನೆನಪಿಟ್ಕೊಳ್ಲಿಲ್ಲ.”

ನನ್ನ ಪಕ್ಕ ಕೂತು ಅವಳೇ ಅಂದಳು: “ಅಪ್ಪಯ್ಯನ ಹಾಗೆ ಒಂದ್ಸಲ ಹೇಳು. ಆ ಜಾಗ ಬಂದಾಗ ಹೆಸರೂ ಬಂದ್ರೆ ಬರ್ಲಿ.” ಬೋಳು ಪೆಟ್ಟಿಗೆಯನ್ನು ಮಡಿಲಿಗೆ ತೆಗೆದುಕೊಂಡು ಶುರು ಮಾಡಿದೆ. ಕೆಮ್ಮು ಬಂತು, ಏಳು ಲೇಪ ಬಂತು, ಸಣ್ಣ ಕಾವು ಬಂತು. ಇದು ಇಂಥವರ ಕೈಕೆಲಸ ಎಂದು ಅಜ್ಜ ಹೆಸರು ಹೇಳಿ ಮುಗಿಸುತ್ತಿದ್ದ ಕಡೆಗೆ ತಲುಪಿದಾಗ, ಜನ ನಗಲೆಂದು ನಾನು ಆಗೆಲ್ಲ ಆ ಹೆಸರಿನ ಜಾಗಕ್ಕೆ ತುರುಕುತ್ತಿದ್ದ ‘ಡಬ್ಬಾರಾಯ’ನೇ ನಾಲಿಗೆಗೆ ಬಂದ. ಅತ್ತೆ ಹಳೆಯ ಅಭ್ಯಾಸಕ್ಕೆ ಫಕ್ಕನೆ ನಕ್ಕುಬಿಟ್ಟಳು. ಆಮೇಲೆ ಕಪ್ಪು ಪುಡಿ ಬಿದ್ದಿದ್ದ ಪೇಪರನ್ನು ನಾಲ್ಕೂ ಮೂಲೆಯಿಂದ ಮೇಲೆತ್ತಿ, ಒಂದು ಚೂರೂ ಚೆಲ್ಲದಂತೆ ಮಡಚತೊಡಗಿದಳು.