ಪಕ್ಕದ ಸೀಟಿನ ಮಾಸ್ತರು

ಮೊನ್ನೆ ತಂಗಿಯ ಕೂಸಿನ ನೆತ್ತಿಗೆಂದು ಒಲೆಯ ಮೇಲಿಟ್ಟ ಔಡಲೆಣ್ಣೆ, ಅದೇ ಹರಳೆಣ್ಣೆ, ಸೀದುಹೋಯಿತು. ಮನೆಯವರೆಲ್ಲ ಮೂಗು ಮುಚ್ಚಿಕೊಂಡರು. ನಾನೊಬ್ಬಳು ಮಾತ್ರ ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟೆ. ರಾಯಚೂರಿನ ನಮ್ಮ ಓಣಿಯಲ್ಲಿ, ಪಕ್ಕದ ಮನೆಯ ಮಾಸ್ತರ ತಗಡಿನ ಶೆಡ್ಡಿನಿಂದ ಬರುತ್ತಿದ್ದದ್ದು ಇದೇ ವಾಸನೆ. ಅವರ ಹಳೇ ರೇಸ್ ಕಾರಿನ ಇಂಜಿನ್ನಿಗೆ ಔಡಲೆಣ್ಣೆಯೇ ಆಗಬೇಕಿತ್ತು...

ಮಾಸ್ತರೆಂದರೆ ಶಾಲೆಯವರಲ್ಲ, ಕಾರು ಕಲಿಸುವವರು. ನನಗೂ ಅವರೇ ಕಲಿಸಿದ್ದು. ಊರಿನ ಅರ್ಧ ಡ್ರೈವರುಗಳು ಅವರ ಬೈಗುಳ ತಿಂದವರೇ. ಆದರೆ ಅವರು ಜೀವಮಾನವೆಲ್ಲ ಕೂತದ್ದು ಎಡಗಡೆಯ ಸೀಟಿನಲ್ಲಿ, ಕಲಿಯುವವರ ತಪ್ಪು ಕಾಯುತ್ತ. ಅದಕ್ಕೇ ಇರಬೇಕು, ಒಬ್ಬರೇ ಕೂರುವ ಆ ಕಾರಿನ ಮೇಲೆ ಅಷ್ಟು ಜೀವ.

ಕಾರಿನ ವಂಶಾವಳಿ ಹೇಳಲು ಕೂತರೆ ಅವರ ಚಹಾ ಆರಿಹೋಗುತ್ತಿತ್ತು. ಮೊದಲು ಅದನ್ನು ಹೈದರಾಬಾದಿನಿಂದ ತಂದವನು ದೇವದುರ್ಗದ ಕಡೆಯ ಜಾಗೀರದಾರರ ಮಗ. ಅಲ್ಲಿನ ಜಾಲಹಳ್ಳಿ ರಸ್ತೆಯಲ್ಲಿ ಎಮ್ಮೆಗಳನ್ನು ಬೆದರಿಸುತ್ತ ತಿರುಗಿದನಂತೆ. ಅವನ ಕೈಯಿಂದ ಮಾನ್ವಿಯ ಅಕ್ಕಿ ಗಿರಣಿ ಸಾವುಕಾರರಿಗೆ ಬಂತು. ಸಾವುಕಾರರು ಮಾಡಿದ್ದನ್ನು ನಮ್ಮ ಸೀಮೆಯವರಷ್ಟೇ ಮಾಡಬಲ್ಲರು. ಗಾಡಿ ಪೂಜೆಗೆ ಗಂಡ ಹೆಂಡತಿ ಜೋಡಿಯಾಗಿ ಕೂರಬೇಕು, ಒಂಟಿ ಸೀಟು ಮನೆಗೆ ಕೇಡು ಎಂದು ಅವರ ತಾಯಿ ಹಟ ಹಿಡಿದರಂತೆ. ಇವರು ಕಾರಿನ ಎಡಬಗಲು ಕೊಯ್ಯಿಸಿ, ಹೆಂಡತಿಗೊಂದು ಕಬ್ಬಿಣದ ಕುರ್ಚಿ ವೆಲ್ಡಿಂಗ್ ಮಾಡಿಸಿದರು. ಆಮೇಲೆ ಕಾರು ನೆಟ್ಟಗೆ ಓಡಲೇ ಇಲ್ಲ, ಎಡಕ್ಕೇ ಎಳೆಯುತ್ತಿತ್ತು. ತೌಡಿನ ಚೀಲಗಳ ಹಿಂದೆ ಬಿದ್ದಿದ್ದ ಅದನ್ನು ಮಾಸ್ತರು ತಂದರು. ಮೊದಲು ಮಾಡಿದ ಕೆಲಸ, ಆ ಕುರ್ಚಿ ಕತ್ತರಿಸಿ ಗುಜರಿಗೆ ಹಾಕಿದ್ದು.

ಇಂಜಿನ್ ರಿಪೇರಿ ವರ್ಷಗಟ್ಟಲೆ ಹಿಡಿಯಿತು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಇನ್ನು ಏನೂ ಮಾಡಲಾಗದು ಎಂದು ಡಾಕ್ಟರು ಹೇಳಿದ ಮೇಲಂತೂ ಮಾಸ್ತರು ಊಟಕ್ಕೂ ಶೆಡ್ಡಿನಿಂದ ಏಳುತ್ತಿರಲಿಲ್ಲ.

"ಕಣ್ಣು ಹೋಗಾಕತ್ತಾವ ತಂಗಿ. ಒಂದು ಸಲ, ನಾ ಒಬ್ಬಾಂವನ ಓಡಿಸಿದ್ರ ಸಾಕು," ಅನ್ನುತ್ತಿದ್ದರು. ನಾನು ನಿಂತ ಕಡೆ ಬಿಟ್ಟು ಗೋಡೆಗೆ ಮಾತಾಡುತ್ತಿದ್ದರು... ನಾನು ಸರಿದು ಆ ಗೋಡೆಯ ಮುಂದೆ ನಿಲ್ಲುತ್ತಿದ್ದೆ.

ಕಡೆಗೂ ಇಂಜಿನ್ ಶುರುವಾಯಿತು. ಆಗ ಅವರಿಗೆ ಬೆಳಕು, ಕತ್ತಲೆ ಇಷ್ಟೇ ತಿಳಿಯುತ್ತಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಓಣಿಯವರು ಮರುಗಿದರು.

"ಮಾಸ್ತರ್ರೀ, ಮತ್ತೊಂದು ಕುರ್ಚಿ ಹಾಕಸೂಣ್ರಿ. ನಾ ಪಕ್ಕದಾಗ ಕುಂತು ದಾರಿ ಹೇಳ್ತೀನಿ," ಎಂದೆ.

"ಪಕ್ಕದಾಗ ಯಾರೂ ಇರಬಾರ್ದಂತನ ಇದನ್ನ ತಂದಿದ್ದವ್ವಾ," ಎಂದರು.

ಕಾರನ್ನು ಟೆಂಪೋದಲ್ಲಿ ಹೇರಿಕೊಂಡು ಕಲ್ಲೂರಿನಾಚೆಯ ಬಯಲಿಗೆ ಹೋದೆವು. ಮಾಸ್ತರು ಒಳಗೆ ಕೂತರು. ಸ್ಟೇರಿಂಗ್ ಸವರಿದರು, ಗೇರು ಹಾಕಿದರು. ದೂರದಲ್ಲೆಲ್ಲೋ ಕುರಿ ಮೇಯಿಸುವವರ ದನಿ ಕೇಳಿಸಿತು. ಕ್ಲಚ್ಚಿನ ಮೇಲಿನ ಕಾಲು ಎತ್ತಿದ್ದರೆ ಕಾರು ಹೊರಡುತ್ತಿತ್ತು, ಅವರು ಎತ್ತಲಿಲ್ಲ. ಬೇರೆಯವರು ಯಾರಿಗೂ ಗುದ್ದದಂತೆ ಬ್ರೇಕ್ ಒತ್ತುತ್ತಲೇ ಬದುಕಿದ ಮನುಷ್ಯ. ಕಾಣದೆ ಓಡಿಸುವುದು ಅವರಿಂದ ಆಗಲಿಲ್ಲ.

ಇಳಿದರು. "ನೀ ಹೋಗಿ ಬಾರವ್ವಾ. ನಾ ಕೇಳ್ತೀನಿ."

ಹೋದೆ. ತಿರುಗಿ ಬಂದಾಗ ನಿಂತಲ್ಲೇ ನಿಂತು, ಸದ್ದಿನ ಕಡೆ ಮುಖ ಮಾಡಿ ಅಳುತ್ತಿದ್ದರು.

"ಎರಡನೇ ಗೇರ್ ತಡಾ ಮಾಡಿ ಹಾಕಿದಿ," ಎಂದರು.

ಮಾಸ್ತರು ತೀರಿಕೊಂಡು ಬಹಳ ದಿನವಾಯಿತು. ಕಾರು ಈಗ ಪುಣೆಯಲ್ಲಿ ಯಾರದೋ ಹತ್ತಿರ ಇದೆ. ಹೋದ ವಾರ ಆ ಮನುಷ್ಯ ನನ್ನ ನಂಬರ್ ಹುಡುಕಿ ಫೋನ್ ಮಾಡಿ, ಹಿಂದೆ ಈ ಕಾರನ್ನು ಯಾರ್ಯಾರು ಓಡಿಸಿದ್ದರು ಎಂದು ಕೇಳಿದ. ಜಾಗೀರದಾರರ ಮಗ, ಗಿರಣಿ ಸಾವುಕಾರರು ಎಂದೆ.

"ಆಮೇಲೆ?"

ಮಾಸ್ತರ ಹೆಸರು ನಾಲಿಗೆಯ ತುದಿಗೆ ಬಂತು. ಆದರೆ ಅವನು ಕೇಳಿದ್ದು ಓಡಿಸಿದವರನ್ನು.

"ಆಮೇಲೆ ನಾನು," ಎಂದೆ.