ಹುಬ್ಬಳ್ಳಿಗೆ ಹೋದ ಕಬಡ್ಡಿ ತಂಡ

ಚನ್ನಪಟ್ಟಣದ ರೇಷ್ಮೆ ಗಿರಣಿಯೊಂದರ ಮಾಲೀಕರಿಗೆ ಕಬಡ್ಡಿಯ ಹುಚ್ಚು. ಸಂಬಳ ಕೊಟ್ಟು ಆಟಗಾರರನ್ನು ಇಟ್ಟುಕೊಂಡು ಊರಿನ ಹೆಸರಲ್ಲೇ ತಂಡ ಕಟ್ಟಿದ್ದರು. ಪಂದ್ಯವಿದ್ದ ದಿನ ಬೈರಾಪಟ್ಟಣದ ಕಡೆಯಿಂದೆಲ್ಲ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ಆ ಹುಡುಗರಿಗೆ ಅಡುಗೆ ಮಾಡಿ ಹಾಕುತ್ತಿದ್ದವಳು ವಿರೂಪಾಕ್ಷಿಪುರದ ಮಾಯಮ್ಮ. ಮದುವೆಯಾದ ಹೊಸತರಲ್ಲೇ ಗಂಡನನ್ನು ಕಳೆದುಕೊಂಡು, ತವರಿಗೂ ಬೇಡವಾಗಿ, ಗಿರಣಿಯ ಹಿಂದಿನ ಕೋಣೆಗೆ ಬಂದು ಸೇರಿದ್ದಳು. ಅನ್ನ ಕೇಳಿದವರನ್ನು ಗದರಿಸಿ ಮುದ್ದೆಯನ್ನೇ ಬಡಿಸುವಳು. ಉಳುಕಿದ ಕಾಲಿಗೆ ಎಣ್ಣೆ ಕಾಯಿಸಿ ತಿಕ್ಕುವಳು. ಅಕ್ಕೂರಿನ ಕೃಷ್ಣಪ್ಪನ ಮೇಲೆ ಮಾತ್ರ ಒಸಿ ಹೆಚ್ಚೇ ಅಕ್ಕರೆ. ತಾಯಿಯಿಲ್ಲದೆ ಬೆಳೆದ ಅವನು "ಅಕ್ಕ" ಎಂದು ಒಲೆಯ ಮುಂದೆ ಬಂದು ಕೂತರೆ ಅವಳಿಗೆ ಕಣ್ಣುರಿಸುವ ಹೊಗೆಯೂ ಮರೆತುಹೋಗುತ್ತಿತ್ತು.

ಎಪ್ಪತ್ತೆಂಟನೇ ಇಸವಿಯಲ್ಲಿ ಮಾಲೀಕರು ತೀರಿಕೊಂಡರು. ಮಗನಿಗೆ ಆಟದ ಗೋಜು ಬೇಕಿರಲಿಲ್ಲ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರಿಗೆ ಇಡೀ ತಂಡವನ್ನೇ ಮಾರಿಬಿಟ್ಟ. ಇನ್ನು ತಂಡದ ಊರೂ ಹೆಸರೂ ಹುಬ್ಬಳ್ಳಿಯದೇ ಆಯಿತು. ತಾನೂ ಬರುತ್ತೇನೆಂದು ಮಾಯಮ್ಮ ಕೇಳಿಕೊಂಡಳು. ಅಲ್ಲಿ ಅಡುಗೆಯವರಿದ್ದಾರೆ ಎಂದರು ಕೊಂಡವರು. ರೈಲು ಹತ್ತುವಾಗ ಕೃಷ್ಣಪ್ಪ, "ಒಸಿ ದಿನ ತಡ್ಕೊಳಕ್ಕ, ನಾನೇ ಹೇಳಿ ಕರೆಸ್ಕೊತೀನಿ" ಎಂದ.

ಕರೆ ಬರಲಿಲ್ಲ. ನೆರೆಮನೆಯ ನೂರ್ಜಹಾನಳ ಜೊತೆ ಅವಳು ನೂಲು ತೆಗೆಯುವ ಕೆಲಸಕ್ಕೆ ಸೇರಿ, ಕುದಿನೀರಿನಲ್ಲಿ ರೇಷ್ಮೆ ಗೂಡು ಬೇಯಿಸತೊಡಗಿದಳು.

ಮರುವರ್ಷ ಆ ತಂಡ ರಾಮನಗರಕ್ಕೆ ಪಂದ್ಯವಾಡಲು ಬಂತು. ಇಬ್ಬರೂ ನೋಡಲು ಹೋದರು. ಹುಬ್ಬಳ್ಳಿಯವರು ಹೊಸಬರನ್ನು ತುಂಬಿಕೊಂಡಿದ್ದರು; ಆ ಹಳದಿ ಬನಿಯನ್ನಿನ ಹುಡುಗರಲ್ಲಿ ಮಾಯಮ್ಮನಿಗೆ ಗುರುತು ಸಿಕ್ಕವನು ಕೃಷ್ಣಪ್ಪ ಒಬ್ಬನೇ. ಹಿಂದೆ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದ ಜನವೇ ಈಗ, ಊರು ಮಾರಿಕೊಂಡವನು ಎಂದು ಹೀಯಾಳಿಸುತ್ತಿತ್ತು. ಮಾಯಮ್ಮ ತಡೆಯಲಾರದೆ ಮುಂದಿದ್ದ ಗಂಡಸಿಗೆ, "ಅವ್ನೇನೂ ಮಾರ್ನಿಲ್ಲ ಕಣಪ್ಪ, ಅವ್ನನ್ನೇ ಮಾರಿದ್ರು" ಎಂದಳು. ಆತ ತಿರುಗಿಯೂ ನೋಡಲಿಲ್ಲ.

ಆಟದ ನಡುವೆ ಮೂವರು ಒಟ್ಟಿಗೆ ಮೇಲೆ ಬಿದ್ದು ಕೃಷ್ಣಪ್ಪನ ಮಂಡಿ ತಿರುಚಿಕೊಂಡಿತು. ಗೆರೆಯಾಚೆ ಮಲಗಿಸಿದ್ದಲ್ಲಿಗೆ ಮಾಯಮ್ಮ ನುಗ್ಗಿಕೊಂಡು ಹೋಗಿ ಅವನ ತಲೆ ಸವರಿದಳು. ಅವನು ಕಣ್ಣು ಮುಚ್ಚಿಕೊಂಡೇ, "ಅಲ್ಲೂ ನನ್ನ ಹೊರಗಿನೋನು ಅಂತಾರಕ್ಕ, ಇಲ್ಲೂ ಹಂಗೇ ಅಂದ್ಬುಟ್ರು" ಎಂದ. ಅಷ್ಟರಲ್ಲಿ ತಂಡದವರು ಅವನನ್ನು ವ್ಯಾನಿಗೆ ಹಾಕಿಕೊಂಡು ಹೊರಟರು.

ಮಂಡಿ ಮತ್ತೆ ನೆಟ್ಟಗಾಗಲಿಲ್ಲ. ತಂಡ ಅವನನ್ನು ಕೈಬಿಟ್ಟಿತು. ಹುಬ್ಬಳ್ಳಿ ಮಾರ್ಕೆಟ್ಟಿನಲ್ಲಿ ಎಲ್ಲೋ ಇದ್ದಾನೆ, ಅಕ್ಕೂರಿಗೆ ಬರಲು ನಾಚಿಕೆಯಂತೆ ಎಂದು ಲಾರಿಯವರೊಬ್ಬರು ಹೇಳಿದರು. ಬಾ ಎಂದು ಮಾಯಮ್ಮ ಅವರ ಕೈಲೇ ಹೇಳಿ ಕಳಿಸಿದಳು. ಅವನು ಬರಲಿಲ್ಲ. ಕೊನೆಗೆ ತಾನೇ ರೈಲು ಹತ್ತಿದಳು. ಮಾರ್ಕೆಟ್ಟೆಲ್ಲ ಅಲೆದಳು. ತಂಡದ ಮೈದಾನಕ್ಕೂ ಹೋಗಿ ಕೇಳಿದಳು. ಅಲ್ಲಿದ್ದವರೆಲ್ಲ ಹೊಸಬರು, ಆ ಹೆಸರೇ ಕೇಳಿಲ್ಲವೆಂದರು.

ಊರಿಗೆ ಮರಳಿದ ಬೆಳಿಗ್ಗೆ ನೂರ್ಜಹಾನ್ ಟೀ ಲೋಟ ಕೈಗಿಟ್ಟು, ಸಿಕ್ಕನೇ ಎಂದು ಕೇಳಿದಳು.

"ಅದು ದೊಡ್ ಊರು ಕಣಮ್ಮ" ಎಂದಷ್ಟೇ ಹೇಳಿ ಮಾಯಮ್ಮ ಗೂಡು ಬೇಯಿಸಲು ಕೂತಳು.